ವಯಸ್ಸಾಗಿತ್ತು ಬಿಡ್ರಿ

ನಮ್ಮ ಘಾಟಬೋರಾಳದಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: 'ವಯಸ್ಸೆಷ್ಟಾಗಿತ್ತು?' ನಲವತ್ತು ಎಂದರೆ ಎದೆ ಎದೆ ಬಡಿದುಕೊಳ್ಳುತ್ತಾರೆ. ಏನಾಗಿತ್ತು, ಯಾವ ದವಾಖಾನೆಗೆ ಒಯ್ದಿದ್ದಿರಿ, ಯಾಕೆ ತಡ ಮಾಡಿದಿರಿ ಎಂದು ಪೊಲೀಸರಂತೆ ವಿಚಾರಣೆ ನಡೆಸುತ್ತಾರೆ. ಎಪ್ಪತ್ತು ಎಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು. 'ಹಾಂಗಾದ್ರ ವಯಸ್ಸಾಗಿತ್ತು ಬಿಡ್ರಿ' ಎನ್ನುತ್ತಾ ಹೆಗಲ ಮೇಲಿನ ವಸ್ತ್ರ ಕೊಡವಿ ಕಟ್ಟೆಗೆ ಕೂಡುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ತೊಗರಿಯ ದರಕ್ಕೆ ಹೊರಳುತ್ತದೆ. ಸತ್ತವರ ಮನೆಯವರಿಗೂ ಅದರಿಂದ ಒಂದು ಬಗೆಯ ಸಮಾಧಾನ. ಕೇಳುವವರಿಲ್ಲ, ಹೇಳುವ ಸಂಕಟವೂ ಇಲ್ಲ.

ಈ ಸಮಾಧಾನದ ಮೇಲೆಯೇ ನನ್ನ ತಕರಾರು. ನಮ್ಮ ಸೀಮೆಯಲ್ಲಿ ಈ ಒಂದು ಮಾತು ಮಲಗಿಸಿದಷ್ಟು ಮಂದಿಯನ್ನು ಯಾವ ಜಡ್ಡೂ ಮಲಗಿಸಿಲ್ಲ. ಹಾಗೆಂದು ನಾನು ದೂರ ನಿಂತು ಊರಿನವರನ್ನು ಬೈಯಲು ಬಂದವನಲ್ಲ. ಆ ಮಾತನ್ನು ನಾನೂ ಆಡಿದ್ದೇನೆ. ನನ್ನ ಸ್ವಂತ ಅವ್ವನಿಗೆ, ಅವಳ ಮುಖಕ್ಕೇ ಆಡಿದ್ದೇನೆ. ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾಗಿ, ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ ಕಾಲದಲ್ಲಿ.

2006ರಲ್ಲಿ ಅವ್ವನ ಎರಡೂ ಕಣ್ಣಿಗೆ ಪರದೆ ಬಂದಿತ್ತು. ಅಕ್ಕಿಯಲ್ಲಿಯ ಕಲ್ಲು ಕಾಣುತ್ತಿರಲಿಲ್ಲ. ಕಣ್ಣಿನ ಪರದೆ ಮಾತ್ರ ನಮ್ಮ ಜನ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗದ ಜಡ್ಡು. ಅದರ ಹಿಂದೆ ಡಾ. ಎಂ. ಸಿ. ಮೋದಿಯವರಂಥವರ ಪುಣ್ಯವಿದೆ. ಬೀಳಗಿಯಲ್ಲಿ ಹುಟ್ಟಿದ ಆ ಮನುಷ್ಯ ಊರೂರು ತಿರುಗಿ, ಶಾಲೆ ಛತ್ರಗಳಲ್ಲಿ ಸಾಲಾಗಿ ಮಲಗಿಸಿ, 1993ರ ಹೊತ್ತಿಗೆ ಆರು ಲಕ್ಷಕ್ಕೂ ಮಿಕ್ಕಿ ಆಪರೇಷನ್ ಮಾಡಿದ್ದರು. ಮುದುಕರ ಕಣ್ಣೂ ಕಣ್ಣೇ ಎಂಬುದನ್ನು ಹಳ್ಳಿಯ ಜನಕ್ಕೆ ಅವರು ನಂಬಿಸಿದರು. ಹಾಗಾಗಿ ಹುಮನಾಬಾದಿನಲ್ಲಿ ಒಂದು ಕಣ್ಣಿನ ಶಿಬಿರ ಎಂದು ಗೊತ್ತಾದಾಗ ಅವ್ವನನ್ನು ಬಸ್ಸು ಹತ್ತಿಸಲು ನಾವು ಯಾರೂ ಹಿಂದೆಮುಂದೆ ನೋಡಲಿಲ್ಲ. ಆದರೆ ಅಲ್ಲಿಯ ಡಾಕ್ಟರು ಕಣ್ಣು ನೋಡುವ ಮೊದಲು ತೋಳಿಗೆ ಪಟ್ಟಿ ಕಟ್ಟಿದರು. ಬಿ.ಪಿ. 190 ಇತ್ತು. ಇದು ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದು ಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ಬಿಟ್ಟು ಹೋದೆವು, ಇಳಿದಿತ್ತು, ಆಪರೇಷನ್ ಆಯಿತು. ಬೀಳ್ಕೊಡುವಾಗ ಆ ತರುಣ ಡಾಕ್ಟರು ನನ್ನನ್ನು ಕರೆದು, 'ಮಾಸ್ತರ್, ಈ ಗುಳಿಗಿ ಬಿಡಿಸಬ್ಯಾಡ್ರಿ, ಜೀವ ಇರೋತನಕ ದಿನಾ ಒಂದು' ಎಂದರು.

ಅವ್ವ ಇನ್ನೊಂದು ಹದಿನೈದು ದಿನ ತಿಂದಳು. ಆಮೇಲೆ ಒಂದು ಸಂಜೆ ಖಾಲಿ ಪಟ್ಟಿಯನ್ನು ನನ್ನ ಮುಂದೆ ಹಿಡಿದು, 'ತೀರ್ಯಾವ ನೋಡಪ್ಪ, ಮತ್ತ ತರ್ತೀಯೇನು?' ಎಂದಳು. ನಾನು ಹೇಳಿದ್ದು ಅಕ್ಷರಶಃ ನೆನಪಿದೆ. 'ಕಣ್ಣು ಬಂದಾವಲ್ಲ ಯವ್ವಾ. ಈ ವಯಸ್ಸಿನಾಗ ದಿನಾ ಗುಳಿಗಿ ತಿಂದು ಹೊಟ್ಟಿ ಯಾಕ ಕೆಡಿಸ್ಕೋತಿ?' ಅವಳಿಗೂ ಅದೇ ಬೇಕಾಗಿತ್ತು. ತನ್ನ ಸಲುವಾಗಿ ದುಡ್ಡು ಖರ್ಚಾದರೆ ಸಂಕೋಚಪಡುವ, ಎಲ್ಲರದೂ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಹೆಂಗಸು. ಖಾಲಿ ಪಟ್ಟಿಯನ್ನು ಒಲೆಗೆ ಹಾಕಿದಳು.

2009ರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೂತವಳ ಬಲಗೈ ಹಿಟ್ಟಿನ ಮೇಲೇ ನಿಂತಿತು. ವೈನಿ ಒಳಗೆ ಹೋಗಿ ನೋಡುವಾಗ ಬಾಯಿ ಒಂದು ಕಡೆ ಜಗ್ಗಿತ್ತು. ಲಕ್ವಾ. ಮೊದಲು ಹುಮನಾಬಾದಿಗೆ, ಅಲ್ಲಿಂದ ಸೊಲ್ಲಾಪುರದ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಹತ್ತೊಂಬತ್ತು ದಿನ ಇಟ್ಟುಕೊಂಡರು. ಅಪ್ಪ ಬಿಟ್ಟುಹೋದ ಹೊಲದಲ್ಲಿ ಎರಡು ಎಕರೆ ಹೋಯಿತು. ಜೀವ ಉಳಿಯಿತು, ಬಲಭಾಗ ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಶಬ್ದ ಉಳಿಯಿತು: 'ಬ್ಯಾಡ'. ನೀರು ಬೇಕಾದರೂ ಬ್ಯಾಡ, ಮೊಮ್ಮಕ್ಕಳು ಬಂದು ಕೂತರೆ ಸಂತೋಷಕ್ಕೂ ಬ್ಯಾಡ. ಆರು ವರ್ಷ ಆ ಒಂದು ಶಬ್ದದಲ್ಲಿ ಬದುಕಿದಳು.

ಆ ಆರು ವರ್ಷವನ್ನು ಎತ್ತಿ ಹಿಡಿದವರು ಯಾರು? ನಾನಲ್ಲ. ನನಗೆ ನೌಕರಿ ಇತ್ತು, ಬೇರೆ ತಾಲೂಕಿಗೆ ಬದಲಿಯಾಗಿತ್ತು, ರವಿವಾರಕ್ಕೊಮ್ಮೆ ಬಾಳೆಹಣ್ಣು ಹಿಡಿದು ಬರುತ್ತಿದ್ದೆ. ಅಣ್ಣನಿಗೆ ಹೊಲ. ವೈನಿಗೆ ಹೊಲವೂ ಮನೆಯೂ. ಅಣ್ಣನ ಮಗಳು ಆಗ ಒಂಬತ್ತನೆಯ ಇಯತ್ತೆ. ಮೊದಲು ವಾರಕ್ಕೆ ಎರಡು ದಿನ ಶಾಲೆ ತಪ್ಪಿಸಿದಳು, ಆಮೇಲೆ ನಾಲ್ಕು ದಿನ, ಆಮೇಲೆ ಹೆಸರು ತೆಗೆದರು. ಆಯಿಯ ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು, ಬೆನ್ನಿನ ಹುಣ್ಣು ತೊಳೆಯುವುದು ಹದಿನಾಲ್ಕು ವರ್ಷದ ಹುಡುಗಿಯ ಕಾಯಕವಾಯಿತು. ನನ್ನ ಕೈಯಲ್ಲಿ ನೂರಾರು ಹುಡುಗಿಯರು ಮ್ಯಾಟ್ರಿಕ್ ಪಾಸಾಗಿ ಹೋಗಿದ್ದಾರೆ. ಸ್ವಂತ ಅಣ್ಣನ ಮಗಳು ಹೋಗಲಿಲ್ಲ.

2015ರಲ್ಲಿ ಅವ್ವ ತೀರಿಕೊಂಡಾಗ ಕಟ್ಟೆಯ ಮೇಲೆ ಕೂತವರು ವಯಸ್ಸು ಕೇಳಿದರು. ಎಪ್ಪತ್ತಾರೋ ಎಪ್ಪತ್ತೇಳೋ ಎಂದೆವು. ಅವರು ಏನೆಂದರು ಎಂದು ಮತ್ತೆ ಬರೆಯಬೇಕಾಗಿಲ್ಲ.

ಈಗ ಲೆಕ್ಕ ಹಾಕೋಣ. ಮಾಸ್ತರಿಗೆ ಲೆಕ್ಕ ಬಿಟ್ಟರೆ ಬೇರೆ ಹತ್ಯಾರವಿಲ್ಲ. ಆ ಜಾತಿಯ ಸಾದಾ ಬಿ.ಪಿ. ಗುಳಿಗೆ ಇವತ್ತಿಗೂ ಜನೌಷಧಿ ಅಂಗಡಿಯಲ್ಲಿ ದಿನಕ್ಕೆ ಒಂದು ರೂಪಾಯಿಯ ಒಳಗೇ ಸಿಗುತ್ತದೆ. 2006ರಿಂದ 2009ರವರೆಗೆ ಸುಮಾರು ಸಾವಿರ ದಿನ. ಸಾವಿರ ರೂಪಾಯಿ ಹಿಡಿಯಿರಿ. ಇನ್ನೊಂದು ಕಡೆ ಎರಡು ಎಕರೆ ಎರೆಹೊಲ, ಒಂದು ಹುಡುಗಿಯ ಶಾಲೆ, ಆರು ವರ್ಷ. ಗುಳಿಗೆ ತಿಂದಿದ್ದರೆ ಲಕ್ವಾ ಹೊಡೆಯುತ್ತಲೇ ಇರಲಿಲ್ಲ ಎಂದು ಯಾರೂ ಬರೆದುಕೊಡಲಾರರು. ಅದನ್ನೂ ಒಪ್ಪುತ್ತೇನೆ. ಆದರೆ 'ಈ ವಯಸ್ಸಿನಾಗ ಯಾಕ' ಎಂದು ನಾನು ಹೇಳಿದ ಮಾತು ಹೇಳುವ ಹೊತ್ತಿಗೇ ಸುಳ್ಳಾಗಿತ್ತು. ಹದಿನೈದು ವರ್ಷ ಹಿಂದೆಯೇ ಸುಳ್ಳಾಗಿತ್ತು.

1991ರಲ್ಲಿ ಅಮೆರಿಕದ ಡಾಕ್ಟರುಗಳು ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಹೊರಗಿಟ್ಟರು. ಅರವತ್ತು ದಾಟಿದ 4,736 ಮಂದಿ. ಎಲ್ಲರಿಗೂ ಬಿ.ಪಿ.ಯ ಮೇಲಿನ ಅಂಕಿ ಮಾತ್ರ ಏರಿತ್ತು, ಕೆಳಗಿನದು ಸರಿಯಿತ್ತು. ಅಲ್ಲಿಯವರೆಗೆ ಡಾಕ್ಟರುಗಳಲ್ಲೇ ಅನೇಕರು 'ವಯಸ್ಸಾದಂತೆ ಅದು ಏರುವುದೇ ಸಹಜ, ಬಿಡಿ' ಎನ್ನುತ್ತಿದ್ದರು. ನೋಡಿ, ಕಟ್ಟೆಯ ಮಾತು ಅಮೆರಿಕದಲ್ಲೂ ಇತ್ತು. ಅರ್ಧ ಮಂದಿಗೆ ಹಳೆಯ, ಅಗ್ಗದ, ಮೂತ್ರ ಹೆಚ್ಚಿಸುವ ಗುಳಿಗೆಯಿಂದ ಶುರುಮಾಡಿದರು. ಇನ್ನರ್ಧ ಮಂದಿಗೆ ಹುಸಿ ಗುಳಿಗೆ ಕೊಟ್ಟರು. ಐದು ವರ್ಷದ ಲೆಕ್ಕದಲ್ಲಿ ಹುಸಿ ಗುಳಿಗೆಯ ನೂರು ಮಂದಿಯಲ್ಲಿ ಎಂಟು ಜನಕ್ಕೆ ಲಕ್ವಾ ಹೊಡೆದರೆ, ನಿಜದ ಗುಳಿಗೆಯ ನೂರು ಮಂದಿಯಲ್ಲಿ ಐದು ಜನಕ್ಕೆ ಹೊಡೆಯಿತು. ಎಂಬತ್ತು ದಾಟಿದವರ ಗತಿಯೇನು ಎಂಬ ಪ್ರಶ್ನೆ ಉಳಿದಿತ್ತು. 2008ರಲ್ಲಿ ಅದಕ್ಕೂ ಉತ್ತರ ಬಂತು. ಎಂಬತ್ತರ ಮೇಲ್ಪಟ್ಟ 3,845 ಜನರಲ್ಲಿ ನಡೆದ ಪರೀಕ್ಷೆಯಲ್ಲಿ ಗುಳಿಗೆ ತಿಂದವರಲ್ಲಿ ಸಾವೇ ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಉಳಿದವರಿಗೆ ಹುಸಿ ಗುಳಿಗೆ ಕೊಡುತ್ತ ಕೂಡುವುದು ಸರಿಯಲ್ಲವೆಂದು ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.

ನೂರಕ್ಕೆ ಎಂಟು ಇದ್ದದ್ದು ಐದಾಯಿತು, ಇಷ್ಟೇನಾ ಎಂದು ನೀವು ಕೇಳಬಹುದು. ಇಲ್ಲಿಯೇ ಈ ವಿಷಯದ ಗಂಟು ಇರುವುದು. ಉಳಿದ ಆ ಮೂವರು ಯಾರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವರಿಗೂ ಗೊತ್ತಾಗುವುದಿಲ್ಲ. ಎದೆ ಸೀಳಿ ಆಪರೇಷನ್ ಮಾಡಿಸಿಕೊಂಡು ಬಂದವನು ಡಾಕ್ಟರರ ಫೋಟೋವನ್ನು ದೇವರ ಜಗಲಿಯ ಮೇಲೆ ಇಡುತ್ತಾನೆ. ಎಂದೂ ಬಾರದ ಲಕ್ವಾಕ್ಕೆ ಯಾರ ಫೋಟೋ ಇಡಬೇಕು? ಆಗದೆ ಹೋದ ಜಡ್ಡಿಗೆ ಸಾಕ್ಷಿಯಿಲ್ಲ, ಬಿಲ್ಲಿಲ್ಲ, ಉದ್ಘಾಟನೆಗೆ ರಿಬ್ಬನ್ ಇಲ್ಲ.

ಸರಕಾರದ ನಡೆಯೂ ಇದೇ ದಾರಿಯದು. ಅವ್ವ ಮಲಗಿದ ಮರುವರ್ಷ, 2010ರಲ್ಲಿ, ರಾಜ್ಯದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. ಹೃದಯ, ಕಿಡ್ನಿ, ಕ್ಯಾನ್ಸರ್‌ನಂಥ ದೊಡ್ಡ ಜಡ್ಡುಗಳಿಗೆ ಬಡವರಿಗೆ ಪುಕ್ಕಟೆ ಚಿಕಿತ್ಸೆ. ಅದು ಮೊದಲು ಶುರುವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲೇ. ಒಳ್ಳೆಯ ಕೆಲಸ, ನಮ್ಮ ಓಣಿಯವರೂ ಅದರಿಂದ ಬದುಕಿ ಬಂದಿದ್ದಾರೆ. ಅದೇ 2010ರಲ್ಲಿ ಕೇಂದ್ರ ಸರಕಾರ ಬಿ.ಪಿ., ಸಕ್ಕರೆ ಜಡ್ಡು, ಹೃದ್ರೋಗ, ಲಕ್ವಾ ಮೊದಲೇ ಹಿಡಿದು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ನೂರು ಜಿಲ್ಲೆಗಳಿಗೆಂದು ಆರಂಭಿಸಿತು. ಆ ಮೊದಲ ಪಟ್ಟಿಯಲ್ಲಿ ಬೀದರ ಇರಲಿಲ್ಲ. ಕೊಯ್ಯುವುದರಲ್ಲಿ ನಾವು ಮೊದಲು, ಕಾಯುವುದರಲ್ಲಿ ಹಿಂದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. 371 ಹಾಸಿಗೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371 (ಜೆ) ಕಲಮಿನ ನೆನಪಿಗೆ. ಇನ್ನು ಎದೆನೋವು ಬಂದವರನ್ನು ಹೈದರಾಬಾದಿಗೋ ಬೆಂಗಳೂರಿಗೋ ಹೊತ್ತೊಯ್ಯುವುದು ತಪ್ಪಿತಲ್ಲ ಎಂದು ನಾನೂ ಸಂತೋಷಪಟ್ಟವನೇ. ಆದರೆ ಆ ಹಾಸಿಗೆಗಳ ಮೇಲೆ ಮಲಗುವವರು ಇವತ್ತು ಎಲ್ಲಿದ್ದಾರೆ? ಸೋಯಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾರೆ, ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಭಜಿ ತಿನ್ನುತ್ತಿದ್ದಾರೆ, ತಮಗೇನೂ ಆಗಿಲ್ಲ ಎಂದುಕೊಂಡು ಓಡಾಡುತ್ತಿದ್ದಾರೆ. ಅವರನ್ನು ಹಾಸಿಗೆಗೆ ಬರುವ ಹತ್ತು ವರ್ಷ ಮೊದಲು ಹುಡುಕುವುದು ಯಾರ ಕೆಲಸ?

2024ರಲ್ಲಿ ರಾಜ್ಯದಲ್ಲಿ ಗೃಹ ಆರೋಗ್ಯ ಎಂಬ ಯೋಜನೆ ಆರಂಭವಾಗಿದೆ. ಮೂವತ್ತು ದಾಟಿದವರ ಮನೆಗೇ ಬಂದು ಬಿ.ಪಿ., ಸಕ್ಕರೆ ನೋಡಿ, ಗುಳಿಗೆ ಕೊಡುವ ಉದ್ದೇಶ. ಇದು ಸರಿಯಾದ ದಾರಿ ಎಂದು ಧೈರ್ಯವಾಗಿ ಹೇಳುತ್ತೇನೆ. ನನ್ನ ಅಂಜಿಕೆ ಒಂದೇ. ಮೊದಲ ದಿನ ಪಟ್ಟಿ ಕಟ್ಟಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಸುಲಭ. ಅವ್ವನಿಗೂ ಒಬ್ಬರು ಪಟ್ಟಿ ಕಟ್ಟಿದ್ದರಲ್ಲ? ಜಡ್ಡು ಗೆದ್ದದ್ದು ಎರಡನೆಯ ತಿಂಗಳಿನ ಗುಳಿಗೆಯಲ್ಲಿ. ಮೂರನೆಯ ತಿಂಗಳು, ಮೂರನೆಯ ವರ್ಷ ಯಾರು ಬಾಗಿಲು ಬಡಿಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಸುರಿಯ ಮನೆಗೆ, ಬಾಣಂತಿಯ ಮನೆಗೆ ಹೋಗಿ ಹೋಗಿ ಆಶಾ ಕಾರ್ಯಕರ್ತೆಯರು ಈ ನಾಡಿನ ಹೆರಿಗೆಯ ಚರಿತ್ರೆಯನ್ನೇ ಬದಲಿಸಿದ್ದಾರೆ. ಮುದುಕಿಯ ಮನೆಗೂ ಅವರೇ ಹೋಗಬೇಕಾದರೆ ಆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಕೊಡಬೇಕು. ಪುಕ್ಕಟೆ ಪುಣ್ಯ ಬಹಳ ದಿನ ನಡೆಯುವುದಿಲ್ಲ.

ನನ್ನ ಮಾತಿಗೆ ಎದುರು ಹೇಳುವವರು ಇದ್ದಾರೆ. ಅವರಲ್ಲಿ ಕೆಲವರು ಬುದ್ಧಿವಂತರು. ಒಬ್ಬ ಗೆಳೆಯರು, ನನ್ನಂತೆಯೇ ನಿವೃತ್ತ ಮಾಸ್ತರು, ಹೀಗೆಂದರು: 'ನಮ್ಮ ಭಾಗದಾಗ ಕೂಸುಗಳಿಗೇ ಹೊಟ್ಟಿತುಂಬ ಇಲ್ಲ. ಹೋಗೋರ ಸಲುವಾಗಿ ಯಾಕ ರೊಕ್ಕ ಸುರೀಬೇಕು?' ಕೇಳಲು ನ್ಯಾಯವಾಗಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿರುವವರು ಯಾರು? ಮಗ ಸೊಸೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಆಯಿ, ಮುತ್ಯಾ, ಎರಡು ಮೊಮ್ಮಕ್ಕಳು. ಆಯಿ ಮಲಗಿದ ದಿನ ಆ ಕೂಸಿನ ತಟ್ಟೆಯೂ ಖಾಲಿಯಾಗುತ್ತದೆ. ಮುದುಕರ ಗುಳಿಗೆಯನ್ನು ಕೂಸಿನ ತಟ್ಟೆಯಿಂದ ಕಸಿದು ತರಬೇಕಾಗಿಲ್ಲ. ಮುದುಕರ ಲಕ್ವಾ ಮಾತ್ರ ಕೂಸಿನ ಶಾಲೆಯನ್ನು ಕಸಿಯುತ್ತದೆ, ನಮ್ಮ ಮನೆಯಲ್ಲಿ ಕಸಿದಿದೆ.

ಇನ್ನು ಕೆಲವರದು ಬೇರೆ ರಾಗ. ಹಿಂದಿನವರು ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಿದರಂತೆ. ಬಿ.ಪಿ. ಎಂಬುದು ಇಂಗ್ಲಿಷ್ ದವಾಖಾನೆಯವರು ತಂದ ಜಡ್ಡಂತೆ. ರೊಟ್ಟಿಯ ಬಗ್ಗೆ ನನಗೆ ತಕರಾರಿಲ್ಲ, ನಾನೂ ಎರಡು ಹೊತ್ತು ಅದನ್ನೇ ಉಣ್ಣುವವನು. ಆದರೆ 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷ. ಎಷ್ಟೋ ಮಂದಿ ತೊಟ್ಟಿಲಲ್ಲೇ ಹೋದರು, ಎಷ್ಟೋ ಮಂದಿ ಪ್ಲೇಗು ಕಾಲರಾಗಳಲ್ಲಿ ಹೋದರು. ಉಳಿದ ಒಬ್ಬ ಗಟ್ಟಿ ಮುತ್ಯಾನನ್ನು ತೋರಿಸಿ 'ಆಗಿನವರು ನೋಡ್ರಿ' ಎನ್ನುವುದು, ಜರಡಿಯ ಮೇಲೆ ಉಳಿದ ಕಾಳು ನೋಡಿ ಇಡೀ ರಾಶಿಯನ್ನು ಹೊಗಳಿದಂತೆ.

ಮೂರನೆಯ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಅರ್ಧ ಒಪ್ಪಿಗೆಯಿದೆ. ಇದೆಲ್ಲ ಔಷಧ ಕಂಪನಿಗಳ ವ್ಯಾಪಾರ ಎನ್ನುವವರು ಇದ್ದಾರೆ. ನಗರಗಳಲ್ಲಿ ತಲೆಯಿಂದ ಕಾಲಿನವರೆಗೆ ತಪಾಸಣೆ ಎಂದು ಸಾವಿರಗಟ್ಟಲೆ ಕೀಳುವುದು, ಮುದುಕರಿಗೆ ಬಣ್ಣದ ಟಾನಿಕ್ ಕುಡಿಸುವುದು ವ್ಯಾಪಾರವೇ ಸರಿ. ನಮ್ಮ ಜನಕ್ಕೂ ಸೂಜಿ ಹಾಕಿ ಸಲೈನ್ ಏರಿಸಿದರೆ ಮಾತ್ರ ಡಾಕ್ಟರು. ನಾನು ಕೇಳುತ್ತಿರುವುದು ಅದನ್ನಲ್ಲ. ತೋಳಿಗೆ ಒಂದು ಪಟ್ಟಿ, ಬೆರಳ ತುದಿಯಿಂದ ಒಂದು ಹನಿ ರಕ್ತ, ಸಕ್ಕರೆ ಜಡ್ಡಿದ್ದವರ ಅಂಗಾಲು ನೋಡುವ ಎರಡು ಕಣ್ಣು. ಬರಿಗಾಲಲ್ಲಿ ಹೊಲಕ್ಕೆ ಹೋಗುವವನಿಗೆ ಮುಳ್ಳು ನೆಟ್ಟದ್ದೇ ತಿಳಿಯದೆ ಕಾಲು ಕೊಳೆತು, ಮೊಳಕಾಲಿನವರೆಗೆ ಕತ್ತರಿಸಿದ್ದನ್ನು ಕಂಡಿದ್ದೇನೆ. ಒಂದು ಜೋಡಿ ಚಪ್ಪಲಿ ಆ ಕಾಲನ್ನು ಉಳಿಸಬಹುದಾಗಿತ್ತು. ಬಚ್ಚಲ ಕಲ್ಲಿನ ಪಾಚಿ ತಿಕ್ಕಿ ಗೋಡೆಗೊಂದು ಹಿಡಿಕೆ ಬಡಿದರೆ ಎಷ್ಟೋ ಸೊಂಟಗಳು ಮುರಿಯುವುದಿಲ್ಲ. ಇವುಗಳಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಬಹುಶಃ ಅದಕ್ಕೇ ಇವುಗಳ ಜಾಹೀರಾತು ಕಾಣುವುದಿಲ್ಲ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಿದೆಯಲ್ಲ, ಅದರ ಮೇಲೂ ನನಗೆ ಸಿಟ್ಟು. ಮರೆವಿನ ಜಡ್ಡನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ್ದು, ಜಗತ್ತಿನ ಅಂಥ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟು ತಡೆಯಬಹುದಾದ ಅಥವಾ ಮುಂದೂಡಬಹುದಾದ ಹದಿನಾಲ್ಕು ಕಾರಣಗಳಿಗೆ ಸೇರಿದವು ಎಂದು. ಆ ಪಟ್ಟಿಯಲ್ಲಿ ಬಿ.ಪಿ. ಇದೆ, ಸಕ್ಕರೆ ಇದೆ, ತಂಬಾಕು ಇದೆ. ಕಿವುಡು, ಕಣ್ಣಿನ ಮಬ್ಬು, ಒಂಟಿತನ ಕೂಡ ಇವೆ. ಕಿವಿ ಕೇಳದ ಮುದುಕನನ್ನು ನಗಾಡಿ ಮೂಲೆಗೆ ಕೂಡಿಸುತ್ತೇವೆ, ಆಮೇಲೆ ಅವನ ತಲೆ ಕೆಟ್ಟಿತು ಎನ್ನುತ್ತೇವೆ. ತಂಬಾಕಿನ ಮಾತು ಬಂದಾಗ ಗಂಡಸರ ಬೀಡಿ, ಗುಟಕಾ ಎಲ್ಲರಿಗೂ ಕಾಣುತ್ತದೆ. ನಮ್ಮ ಗಡಿಭಾಗದ ಹೆಂಗಸರು ಮುಂಜಾನೆ ಹಲ್ಲಿಗೆ ತಿಕ್ಕುವ ಮಿಶ್ರಿ, ಅಂದರೆ ಹುರಿದು ಪುಡಿ ಮಾಡಿದ ತಂಬಾಕು, ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವ್ವನೂ ತಿಕ್ಕುತ್ತಿದ್ದಳು.

ಫಿನ್‌ಲೆಂಡ್ ದೇಶದಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತವಿದೆ. ನಮ್ಮ ಹಾಗೇ ಗಡಿನಾಡು, ನಮ್ಮ ಹಾಗೇ ಆ ದೇಶದಲ್ಲಿ ಬಡ ಸೀಮೆ. ಹೃದಯಾಘಾತದಲ್ಲಿ ಗಂಡಸರು ಸಾಲಾಗಿ ಹೋಗುತ್ತಿದ್ದರು. 1971ರಲ್ಲಿ ಅಲ್ಲಿಯವರೇ ಸರಕಾರಕ್ಕೆ ಅರ್ಜಿ ಕೊಟ್ಟರು. 1972ರಿಂದ ಪೆಕ್ಕಾ ಪುಸ್ಕಾ ಎಂಬ ತರುಣ ಡಾಕ್ಟರರ ಮುಂದಾಳತ್ವದಲ್ಲಿ ಬೆಣ್ಣೆ, ಉಪ್ಪು, ಸಿಗರೇಟಿನ ಮೇಲೆ ಮನೆಮನೆಯ ಕೆಲಸ ನಡೆಯಿತು. ಮೂರೂವರೆ ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಇಳಿಯಿತು. ಅರ್ಜಿ ಕೊಟ್ಟವರು ಜನ ಎಂಬುದನ್ನು ಗಮನಿಸಿ. ನಾವು ರಸ್ತೆಗೆ, ಬಸ್ಸಿಗೆ, ಗುಡಿಯ ಸಭಾಮಂಟಪಕ್ಕೆ ಅರ್ಜಿ ಬರೆದಿದ್ದೇವೆ. ಬಿ.ಪಿ. ಗುಳಿಗೆ ತೀರಿಹೋಗದಂತೆ ನೋಡಿ ಎಂದು ಒಂದು ಅರ್ಜಿ ನಮ್ಮೂರಿನಿಂದ ಹೋದದ್ದು ನನಗೆ ನೆನಪಿಲ್ಲ. ಬರೆಯಬಲ್ಲವನಾಗಿ ನಾನೂ ಬರೆದಿಲ್ಲ.

ಕಲ್ಯಾಣ ನಮಗೆ ಪಕ್ಕದ ತಾಲೂಕು. ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ, ಅವು ಮೈಮೇಲೆ ಬರುವ ಮುಂಚೆಯೇ ಕೂಡಲಸಂಗಮದೇವನನ್ನು ಪೂಜಿಸು ಎನ್ನುವ ಬಸವಣ್ಣನವರ ವಚನವನ್ನು ನಮ್ಮ ಕಡೆ ಸಾವಿನ ಮನೆಯಲ್ಲಿ ಹಾಡುವುದುಂಟು. ಕೇಳಿದವರು ನಿಟ್ಟುಸಿರು ಬಿಟ್ಟು, ಮುಪ್ಪು ಯಾರನ್ನು ಬಿಟ್ಟೀತು ಎನ್ನುತ್ತಾರೆ. ಬಸವಣ್ಣನವರು ಹೇಳಿದ್ದು ಭಕ್ತಿಯ ಮಾತು, ಬಿ.ಪಿ.ಯ ಮಾತಲ್ಲ ಎಂಬುದು ನನಗೂ ಗೊತ್ತು. ಆದರೂ ಆ ವಚನದ ಒತ್ತೆಲ್ಲ ಇರುವುದು ಮುಪ್ಪಿನ ಮೇಲಲ್ಲ, ಅದರ ಮುಂಚಿನ ಹೊತ್ತಿನ ಮೇಲೆ. ನಾವು ಆ ಹೊತ್ತನ್ನು ಬಿಟ್ಟು ಬರೀ ಮುಪ್ಪನ್ನು ಹಿಡಿದುಕೊಂಡೆವು.

ನಿವೃತ್ತಿಯಾದ ಮೇಲೆ ನಾನು ಬಿ.ಪಿ. ನೋಡುವ ಒಂದು ಮಷಿನ್ ಕೊಂಡಿದ್ದೇನೆ. ಮೊದಲು ನನ್ನದೇ ನೋಡಿಕೊಂಡೆ. ಏರಿತ್ತು. ಡಾಕ್ಟರರಿಗೆ ತೋರಿಸಿ ನಾಲ್ಕು ವರ್ಷದಿಂದ ದಿನಾ ಒಂದು ಗುಳಿಗೆ ತಿನ್ನುತ್ತಿದ್ದೇನೆ, ಹೊಟ್ಟೆ ಕೆಟ್ಟಿಲ್ಲ. ಕಳೆದ ನಾಗರಪಂಚಮಿಗೆ ಅಣ್ಣನ ಮಗಳು ಮಕ್ಕಳೊಂದಿಗೆ ತವರಿಗೆ ಬಂದಿದ್ದಳು. ನಾನು ಮಷಿನ್ ಹಿಡಿದುಕೊಂಡು ಹೋದೆ. ಅಣ್ಣನಿಗೆ ಈಗ ಅರವತ್ತೆಂಟು. 'ಏ ತಮ್ಮಾ, ನಾ ಏನ್ ಬ್ಯಾನಿ ಮನುಷ್ಯ ಇದ್ದೀನೇನು?' ಎಂದು ನಗುತ್ತಲೇ ತೋಳು ಚಾಚಿದ. 178 ಬಂತು. 'ಮಷಿನ್ ಕೆಟ್ಟದ' ಎಂದ. ಹತ್ತು ನಿಮಿಷ ಸುಮ್ಮನೆ ಕೂಡಿಸಿ ಮತ್ತೆ ನೋಡಿದೆ. 176. ನಾಳೆಯೇ ದವಾಖಾನೆಗೆ ಹೋಗೋಣ ಎಂದೆ.

'ಸೋಯಾ ರಾಶಿ ಮುಗೀಲಿ ನೋಡೋಣು' ಎಂದು ಅಂಗಿಯ ತೋಳು ಇಳಿಸಿಕೊಂಡ. ರಾಶಿಗೆ ಇನ್ನೂ ಎರಡು ತಿಂಗಳಿತ್ತು.

ಮಗಳು ಒಳಗಿನಿಂದ ಬಂದು ಅವನ ಮುಂದೆ ನಿಂತಳು. ಕೈಗೆ ಇನ್ನೂ ಉಂಡಿಯ ಬೆಲ್ಲ ಅಂಟಿತ್ತು. 'ಬಾಬಾ, ಹೋದ ಸಲ ಆಯಿಗಿ ನಾ ಇದ್ದೆ. ಈ ಸಲ ಯಾರಿಲ್ಲ ನೋಡು' ಎಂದಳು. ಅಣ್ಣ ನನ್ನ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ಗೂಟದ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು, ಮುಂಜಾನೆಯ ಮೊದಲನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.